ವಾಟ್ಸಾಪ್ ಬಿಟ್ಟು ಊರಿನದ್ದೇ ಜಾಲ ಕಟ್ಟಿಕೊಳ್ಳಬಹುದೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

“ವಾಟ್ಸಾಪ್ ಡಿಲೀಟ್ ಮಾಡಿ, ಈ ಆಪ್ ಹಾಕಿಕೊಳ್ಳಿ. ಇಂಟರ್ನೆಟ್ ಬೇಡ, ಸಿಮ್ ಬೇಡ, ಯಾರಿಗೂ ಗೊತ್ತಾಗಲ್ಲ. ಎಲ್ಲ ಗ್ರೂಪಿಗೂ ಕಳಿಸಿ.” ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಪೂರ್ತಿ ನಂಬಿದರೂ ತೊಂದರೆ.

ಉದಾಹರಣೆಗೆ ಬೆಳ್ತಂಗಡಿ ತಾಲೂಕಿನ ವೇಣೂರನ್ನೇ ತೆಗೆದುಕೊಳ್ಳೋಣ. ಫಲ್ಗುಣಿ ನದಿಯ ದಡದ ಊರು. 1604ರಲ್ಲಿ ತಿಮ್ಮಣ್ಣ ಅಜಿಲ ಅರಸ ನಿಲ್ಲಿಸಿದ 35 ಅಡಿಯ ಬಾಹುಬಲಿ ಮೂರ್ತಿ ಇಲ್ಲಿದೆ. ಸುತ್ತ ಅಡಿಕೆ ತೋಟ, ಗುಡ್ಡ, ಕಾಡು. ಇಂಥ ಊರಿನಲ್ಲಿ ಹಾಲಿನ ಸೊಸೈಟಿಯ ಸೂಚನೆ, ಶಾಲೆಯ ರಜೆ, ಕರೆಂಟ್ ಸುದ್ದಿ, ಸಾವಿನ ಸುದ್ದಿ ಎಲ್ಲವೂ ಈಗ ಒಂದೇ ದಾರಿಯಲ್ಲಿ ಬರುತ್ತವೆ: ವಾಟ್ಸಾಪ್ ಗ್ರೂಪ್. ಆ ಒಂದು ದಾರಿ ಮುಚ್ಚಿದರೆ?

ಅದು ಆಗಿಯೂ ಇದೆ. 2021ರ ಅಕ್ಟೋಬರ್ 4ರಂದು ನಮ್ಮ ಸಮಯ ರಾತ್ರಿ 9 ಗಂಟೆ ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು 6 ಗಂಟೆ ನಿಂತವು. ಕಂಪನಿ ತನ್ನ ಜಾಲದ ಸೆಟ್ಟಿಂಗ್ ಬದಲಿಸುವಾಗ ಆದ ಒಂದು ತಪ್ಪೇ ಅದಕ್ಕೆ ಕಾರಣ. ವೇಣೂರಿನಲ್ಲಿ ಪಕ್ಕದ ಮನೆಗೆ ಕಳಿಸುವ ಸಂದೇಶವೂ ಆ ಕಂಪನಿಯ ಸರ್ವರ್‌ಗೆ ಹೋಗಿ ಬರಬೇಕು ಎಂಬುದು ಅಂದು ಎಲ್ಲರಿಗೂ ಅರಿವಾಯಿತು.

ಸಂಕ್ಷಿಪ್ತ ಉತ್ತರ

• ಒಂದೇ ಕಂಪನಿಯನ್ನು ನೆಚ್ಚಿಕೊಳ್ಳದ, ಜನರೇ ನಡೆಸುವ ಜಾಲಗಳು ನಿಜವಾಗಿಯೂ ಇವೆ. ಕರ್ನಾಟಕದಲ್ಲೂ ಇವೆ.
• ಅವುಗಳಲ್ಲಿ ಹೆಚ್ಚಿನವಕ್ಕೆ ಇಂಟರ್ನೆಟ್ ಬೇಕೇ ಬೇಕು.
• ಇಂಟರ್ನೆಟ್ ಇಲ್ಲದೆ ನಡೆಯುವ ಆಪ್‌ಗಳು ಹತ್ತಿರದ ದೂರಕ್ಕೆ ಮಾತ್ರ.
• “ಯಾರಿಗೂ ಗೊತ್ತಾಗಲ್ಲ” ಎನ್ನುವುದು ತಪ್ಪು.

ವಿಕೇಂದ್ರೀಕೃತ ಜಾಲ ಎಂದರೇನು?

ಹೆಸರು ದೊಡ್ಡದು, ವಿಷಯ ಸರಳ. ನಿಮ್ಮದು ಬಿಎಸ್‌ಎನ್‌ಎಲ್ ಸಿಮ್, ನಿಮ್ಮ ಅಕ್ಕನದ್ದು ಜಿಯೋ. ಆದರೂ ಕರೆ ಹೋಗುತ್ತದೆ. ಇಮೇಲ್ ಕೂಡ ಹಾಗೆಯೇ. ಜಿಮೇಲ್‌ನಿಂದ ಯಾಹೂಗೆ, ಕಾಲೇಜಿನ ವಿಳಾಸಕ್ಕೆ, ಯಾವುದಕ್ಕಾದರೂ ಕಳಿಸಬಹುದು. ಎಲ್ಲರೂ ಒಪ್ಪಿದ ಒಂದು ನಿಯಮ ಇದೆ, ಆ ನಿಯಮ ಪಾಲಿಸುವ ಯಾರು ಬೇಕಾದರೂ ಸೇವೆ ಕೊಡಬಹುದು. ವಾಟ್ಸಾಪ್ ನಿಂತ ಆ ರಾತ್ರಿ ಇಮೇಲ್ ನಿಲ್ಲಲಿಲ್ಲ, ಎಸ್‌ಎಂಎಸ್ ನಿಲ್ಲಲಿಲ್ಲ. ಇವುಗಳಿಗೆ ಒಬ್ಬನೇ ಒಡೆಯ ಇಲ್ಲ.

ಚಾಟ್ ಮಾಡಲೂ ಇಂಥ ನಿಯಮಗಳಿವೆ. ಎಕ್ಸ್‌ಎಂಪಿಪಿ 1999ರಿಂದ ಇದೆ. ಮ್ಯಾಟ್ರಿಕ್ಸ್ 2014ರಲ್ಲಿ ಬಂತು. ಟ್ವಿಟರ್‌ನಂತೆ ಬರೆಯಲು ಮಾಸ್ಟೊಡಾನ್ 2016ರಲ್ಲಿ ಬಂತು. ಒಂದು ಕಾಲೇಜು, ಒಂದು ಸಂಘ, ಒಂದು ಊರು ತನ್ನದೇ ಸರ್ವರ್ ಇಟ್ಟುಕೊಂಡು ಬೇರೆ ಸರ್ವರ್‌ನಲ್ಲಿರುವವರ ಜೊತೆಗೂ ಮಾತಾಡಬಹುದು. ತಮಾಷೆಯೆಂದರೆ ವಾಟ್ಸಾಪ್ ಶುರುವಾದದ್ದೂ ಎಕ್ಸ್‌ಎಂಪಿಪಿಯನ್ನು ತನಗೆ ಬೇಕಾದಂತೆ ಬದಲಿಸಿಕೊಂಡೇ. ಆದರೆ ಹೊರಗಿನವರಿಗೆ ಬಾಗಿಲು ತೆರೆಯಲಿಲ್ಲ.

ದಕ್ಷಿಣ ಕನ್ನಡದವರಿಗೆ ಈ ಯೋಚನೆ ಹೊಸದಲ್ಲ. ಅಡಿಕೆಯ ಬೆಲೆ ಕೆಲವೇ ವ್ಯಾಪಾರಿಗಳ ಕೈಯಲ್ಲಿದ್ದಾಗ ಬೆಳೆಗಾರರೇ ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಮುಂದಾಳು. ಖಾಸಗಿ ವ್ಯಾಪಾರಿ ಮಾಯವಾಗಲಿಲ್ಲ, ಆದರೆ ಬೆಳೆಗಾರನಿಗೆ ಎರಡನೇ ಬಾಗಿಲು ಸಿಕ್ಕಿತು. ಸಂದೇಶದ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ನಮಗೆ ಎರಡನೇ ಬಾಗಿಲು ಇದೆಯೇ?

ನಮ್ಮ ದೇಶದ ಆಪ್ ಆದರೆ ಸಾಲದೇ?

ಸಾಲದು. ಇದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2020ರಲ್ಲಿ ಬಂದ ‘ಕೂ’ ಆಪ್ ಮೊದಲು ಕನ್ನಡದಲ್ಲೇ ಶುರುವಾಯಿತು. ಮಂತ್ರಿಗಳು, ನಟರು, ಕ್ರಿಕೆಟಿಗರು ಖಾತೆ ತೆರೆದರು. ಹಳದಿ ಹಕ್ಕಿಯ ಆ ಆಪ್ 2024ರ ಜುಲೈಯಲ್ಲಿ ಮುಚ್ಚಿತು. ಬೇರೆ ಕಂಪನಿಗಳ ಜೊತೆ ನಡೆದ ಮಾತುಕತೆ ಫಲಿಸಲಿಲ್ಲ ಎಂದು ಸ್ಥಾಪಕರೇ ತಿಳಿಸಿದರು. ಅಲ್ಲಿ ನಾಲ್ಕು ವರ್ಷ ಬರೆದು, ಓದುಗರನ್ನು ಗಳಿಸಿಕೊಂಡವರಿಗೆ ಆ ಬಳಗವನ್ನು ಹಾಗೆಯೇ ಎತ್ತಿಕೊಂಡು ಬೇರೆ ಕಡೆ ಹೋಗಲು ದಾರಿ ಇರಲಿಲ್ಲ.

2025ರಲ್ಲಿ ಎಲ್ಲರ ಬಾಯಲ್ಲಿ ಬಂದ ಜೋಹೋದ ‘ಅರಟ್ಟೈ’ ಕೂಡ ಒಂದೇ ಕಂಪನಿಯ ಸೇವೆ. ಟೆಲಿಗ್ರಾಂ ಕೂಡ. ಸಿಗ್ನಲ್ ಅನ್ನು ಲಾಭದಾಸೆ ಇಲ್ಲದ ಸಂಸ್ಥೆ ನಡೆಸುತ್ತದೆ, ಗೋಪ್ಯತೆಯಲ್ಲಿ ಒಳ್ಳೆಯ ಹೆಸರಿದೆ, ಆದರೆ ಅದಕ್ಕೂ ಕೇಂದ್ರ ಸರ್ವರ್ ಇದೆ. ಇವು ಕೆಟ್ಟವು ಎಂದು ಅರ್ಥವಲ್ಲ. “ನಮ್ಮ ದೇಶದ್ದು”, “ಗೋಪ್ಯವಾದದ್ದು”, “ನಾವೇ ನಡೆಸುವುದು” ಎಂಬ ಮೂರು ಬೇರೆ ಬೇರೆ ವಿಷಯಗಳನ್ನು ಫಾರ್ವರ್ಡ್‌ಗಳು ಒಂದೇ ಎಂಬಂತೆ ಬೆರೆಸುತ್ತವೆ.

ಇಂಟರ್ನೆಟ್ ಇಲ್ಲದೆ ಸಂದೇಶ ಹೋಗುತ್ತದೆಯೇ?

ಹೋಗುತ್ತದೆ, ಆದರೆ ಹತ್ತಿರಕ್ಕೆ. ಬ್ರಯರ್, 2025ರ ಜುಲೈಯಲ್ಲಿ ಟ್ವಿಟರ್‌ನ ಸಹಸ್ಥಾಪಕ ಜಾಕ್ ಡಾರ್ಸಿ ಹೊರತಂದ ಬಿಟ್‌ಚಾಟ್ ಇಂಥ ಆಪ್‌ಗಳು. ಫೋನಿನಿಂದ ಫೋನಿಗೆ ಬ್ಲೂಟೂತ್‌ನಲ್ಲೇ ಸಂದೇಶ ದಾಟುತ್ತದೆ. ಬಿಟ್‌ಚಾಟ್‌ನಲ್ಲಿ ನಡುವೆ ಸಿಗುವ ಫೋನ್‌ಗಳು ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ. ಇದನ್ನೇ ಮೆಶ್ ಎನ್ನುತ್ತಾರೆ, ಬಲೆಯ ಕಣ್ಣುಗಳಂತೆ ಒಂದಕ್ಕೊಂದು ಸೇರಿದ ಜಾಲ.

ಒಂದು ಸಣ್ಣ ಲೆಕ್ಕ ಮಾಡಿ. ಬ್ಲೂಟೂತ್ ಒಂದು ಫೋನಿನಿಂದ 30 ಮೀಟರ್ ತಲುಪುತ್ತದೆ ಎಂದುಕೊಳ್ಳಿ. ಬಿಟ್‌ಚಾಟ್‌ನಲ್ಲಿ ಸಂದೇಶ ಹೆಚ್ಚೆಂದರೆ 7 ಬಾರಿ ಜಿಗಿಯುತ್ತದೆ. 7ನ್ನು 30ರಿಂದ ಗುಣಿಸಿದರೆ 210 ಮೀಟರ್. ಅದೂ ನಡುನಡುವೆ ಅದೇ ಆಪ್ ತೆರೆದಿಟ್ಟ ಫೋನ್‌ಗಳಿದ್ದರೆ ಮಾತ್ರ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ದೊಡ್ಡ ತೋಟವೇ ಇರುವ ನಮ್ಮ ಹಳ್ಳಿಗಳಲ್ಲಿ ಇದು ಮೊದಲ ಜಿಗಿತದಲ್ಲೇ ನಿಲ್ಲುತ್ತದೆ.

ಹಾಗಾದರೆ ಎಲ್ಲಿ ಉಪಯೋಗ? ಜನ ಒತ್ತಾಗಿ ಸೇರುವಲ್ಲಿ. 2024ರ ಫೆಬ್ರುವರಿಯಲ್ಲಿ ವೇಣೂರಿನಲ್ಲಿ ಬಾಹುಬಲಿಯ ಮಹಾಮಸ್ತಕಾಭಿಷೇಕ ಶುರುವಾಯಿತು. 12 ವರ್ಷಕ್ಕೊಮ್ಮೆ ನಡೆಯುವ ಇಂಥ ಉತ್ಸವಕ್ಕೆ ಸಾವಿರಾರು ಜನ ಬರುತ್ತಾರೆ. ಒಂದೆರಡು ಟವರ್‌ಗಳ ಮೇಲೆ ಅಷ್ಟೂ ಫೋನ್‌ಗಳ ಹೊರೆ ಬಿದ್ದರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಟವರ್ ಸೋಲುವ ಅದೇ ಜನಜಂಗುಳಿಯಲ್ಲಿ ಮೆಶ್ ಗಟ್ಟಿಯಾಗುತ್ತದೆ, ಏಕೆಂದರೆ ಪಕ್ಕದಲ್ಲೇ ಇನ್ನೊಂದು ಫೋನ್ ಇರುತ್ತದೆ. ಸ್ವಯಂಸೇವಕರು ಮೊದಲೇ ಆಪ್ ಹಾಕಿಕೊಂಡಿದ್ದರೆ ತಪ್ಪಿಹೋದ ಮಗುವಿನ ಸುದ್ದಿ ದಾಟಿಸಲು ಇದು ಸಾಕು.

ಇನ್ನೂ ದೂರಕ್ಕೆ ಬೇಕಾದರೆ ಲೋರಾ ಎಂಬ ಸಣ್ಣ ರೇಡಿಯೊ ಉಪಕರಣಗಳಿವೆ. ಮೆಶ್‌ಟಾಸ್ಟಿಕ್ ಎಂಬ ಉಚಿತ ತಂತ್ರಾಂಶ ಇವುಗಳಲ್ಲಿ ನಡೆಯುತ್ತದೆ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ನಿಗದಿತ ಶಕ್ತಿಯೊಳಗೆ, ಪರವಾನಗಿ ಇಲ್ಲದೆ ಬಳಸಬಹುದು. ಎದುರಿಗೆ ಅಡ್ಡಿಯಿಲ್ಲದೆ ಒಂದು ಗುಡ್ಡದ ತುದಿಯಿಂದ ಇನ್ನೊಂದಕ್ಕೆ ಹಲವು ಕಿಲೋಮೀಟರ್ ತಲುಪುತ್ತದೆ. ತಗ್ಗಿನಲ್ಲಿ, ದಟ್ಟ ಮರಗಳ ನಡುವೆ, ಮಳೆಗಾಲದ ಒದ್ದೆ ಎಲೆಗಳ ನಡುವೆ ವ್ಯಾಪ್ತಿ ಬಹಳ ಕುಗ್ಗುತ್ತದೆ. ಹೋಗುವುದು ಸಣ್ಣ ಬರಹ ಮಾತ್ರ. ಫೋಟೊ, ವಿಡಿಯೊ, ಕರೆ ಇಲ್ಲ.

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ನೆರೆ ಬಂದು, ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ “ನಾವು ಸುರಕ್ಷಿತ”, “ಇಲ್ಲಿಗೆ ದೋಣಿ ಬೇಕು” ಎಂಬ ಎರಡು ಪದ ದಾಟಿದರೂ ಜೀವ ಉಳಿಯಬಹುದು. ಆದರೆ ಉಪಕರಣ ನೆರೆ ಬರುವ ಮೊದಲೇ ಗುಡ್ಡದ ಮೇಲೆ ಇರಬೇಕು, ಬ್ಯಾಟರಿ ತುಂಬಿರಬೇಕು, ಬಳಸಲು ಬರಬೇಕು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಮಂಗಳೂರಿನ ಗಲಭೆಯ ಹಿನ್ನೆಲೆಯಲ್ಲಿ ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಲ್ಲಿಸುವ ಆದೇಶ ಬಂತು. ಅಂಥ ವೇಳೆಯಲ್ಲಿ ಮೊಬೈಲ್ ಡೇಟಾ ನಂಬಿದವರಿಗೆ ಮಾಸ್ಟೊಡಾನ್ ಆಗಲಿ ಮ್ಯಾಟ್ರಿಕ್ಸ್ ಆಗಲಿ ವಾಟ್ಸಾಪ್‌ನಷ್ಟೇ ನಿರುಪಯೋಗಿ. ವಿಕೇಂದ್ರೀಕೃತ ಎಂದ ಮಾತ್ರಕ್ಕೆ ಇಂಟರ್ನೆಟ್ ಬೇಡ ಎಂದಲ್ಲ.

ಕರ್ನಾಟಕದಲ್ಲಿ ಯಾರಾದರೂ ಮಾಡಿ ತೋರಿಸಿದ್ದಾರೆಯೇ?

ಹೌದು, ಸ್ಮಾರ್ಟ್‌ಫೋನ್ ಬರುವ ಮೊದಲೇ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಇದಕ್ಕೆ ಒಳ್ಳೆಯ ಉದಾಹರಣೆ. ವಾಯ್ಸಸ್, ಮೈರಾಡ ಸಂಸ್ಥೆಗಳ ನೆರವಿನಿಂದ, ಯುನೆಸ್ಕೊ ಬೆಂಬಲದಿಂದ, ಸ್ವಸಹಾಯ ಸಂಘದ ಮಹಿಳೆಯರು ಸೇರಿ ತಮ್ಮ ಕಾರ್ಯಕ್ರಮ ತಾವೇ ಮಾಡಿದರು. ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಸಂಘ ಸಂಸ್ಥೆಗಳಿಗೆ ಅನುಮತಿ ಇರಲಿಲ್ಲ. ಹಾಗಾಗಿ ಟಿವಿಯ ಕೇಬಲ್ ಮೂಲಕವೇ ಧ್ವನಿಯನ್ನು ಮನೆಮನೆಗೆ ಮುಟ್ಟಿಸಿದರು. ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಸಂಘ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ದಾರಿ ತೆರೆದದ್ದು 2006ರ ನೀತಿಯಿಂದ. ಇಂದು ಮಂಗಳೂರಿನ ಸಂತ ಅಲೋಶಿಯಸ್‌ನ ‘ಸಾರಂಗ್’ 107.8 ಇಂಥ ಬಾನುಲಿ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ‘ಜನಸ್ತು’ ಸಂಸ್ಥೆಯವರು ಸಮುದಾಯದ್ದೇ ವೈಫೈ ಮೆಶ್ ಜಾಲ ಕಟ್ಟಿದ್ದಾರೆ. ಅಲ್ಲಲ್ಲಿ ಇಟ್ಟ ರೂಟರ್‌ಗಳು ಒಂದಕ್ಕೊಂದು ಮಾತಾಡುತ್ತವೆ, ಸ್ಥಳೀಯ ಸರ್ವರ್‌ನಲ್ಲಿ ಊರಿನವರ ಕತೆ, ಹಾಡು, ಶಾಲಾ ಮಕ್ಕಳ ರೇಡಿಯೊ ಇರುತ್ತವೆ. ಹೊರಗಿನ ಇಂಟರ್ನೆಟ್ ಇಲ್ಲದಿದ್ದರೂ ಊರೊಳಗೆ ಕೇಳಬಹುದು. ಓದು ಬರಹ ಬಾರದವರೂ ಬಳಸಲಿ ಎಂದು ಇಲ್ಲಿ ಅಕ್ಷರಕ್ಕಿಂತ ಧ್ವನಿಗೆ ಹೆಚ್ಚು ಜಾಗ.

ಭಾರತದ ಮುಕ್ತ ತಂತ್ರಾಂಶ ಬಳಗದವರು ರೂಪಿಸಿದ ‘ಪ್ರವ್’ ಎಂಬ ಚಾಟ್ ಆಪ್ ಕೂಡ ಇದೆ. ಅದು ಎಕ್ಸ್‌ಎಂಪಿಪಿ ಬಳಸುತ್ತದೆ. ಬಳಕೆದಾರರೇ ಸದಸ್ಯರಾಗುವ ಸಹಕಾರಿ ಸಂಘದಂತೆ ನಡೆಸಬೇಕೆಂಬುದು ಅವರ ಉದ್ದೇಶ.

ಈ ಕೆಲಸಗಳ ಹಿಂದೆ ವರ್ಷಗಟ್ಟಲೆ ದುಡಿದ ಜನ ಇದ್ದಾರೆ. ರೂಟರ್‌ಗೆ ಸಿಡಿಲು ಹೊಡೆದರೆ ಯಾರು ಬದಲಿಸುತ್ತಾರೆ, ಸರ್ವರ್ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದಕ್ಕೆ ಉತ್ತರ ಇಲ್ಲದ ಜಾಲ ಬಹಳ ದಿನ ಬಾಳುವುದಿಲ್ಲ.

“ಯಾರಿಗೂ ಗೊತ್ತಾಗಲ್ಲ” ನಿಜವೇ?

ಇಲ್ಲ. ವಾಟ್ಸಾಪ್ ಸಂದೇಶದ ಒಳಗಿನ ಮಾತು 2016ರಿಂದ ಗೂಢಲಿಪಿಯಲ್ಲಿ ಹೋಗುತ್ತದೆ, ಕಂಪನಿಯೂ ಓದಲಾರದು. ಆದರೆ ನೀವು ಯಾರೊಂದಿಗೆ, ಯಾವಾಗ, ಎಷ್ಟು ಬಾರಿ ಮಾತಾಡಿದಿರಿ ಎಂಬ ವಿವರ ಬೇರೆ. ಜಗಳ ಇರುವುದು ಅದರ ಬಗ್ಗೆ. 2021ರ ಗೋಪ್ಯತಾ ನೀತಿಯ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು, ಕಂಪನಿ ಮೇಲ್ಮನವಿಗೆ ಹೋಯಿತು.

ಊರಿನ ಸರ್ವರ್ ಆದರೆ ಈ ವಿವರ ದೂರದ ಕಂಪನಿಯ ಬದಲು ಸರ್ವರ್ ನಡೆಸುವ ಪರಿಚಯದವರ ಕೈಯಲ್ಲಿ ಇರುತ್ತದೆ. ಮಾಸ್ಟೊಡಾನ್‌ನ ಖಾಸಗಿ ಸಂದೇಶವನ್ನು ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಸಣ್ಣ ಊರಿನಲ್ಲಿ ಪರಿಚಯದವನಿಗೆ ಗೊತ್ತಾಗುವುದು ಅಮೆರಿಕದ ಕಂಪನಿಗೆ ಗೊತ್ತಾಗುವುದಕ್ಕಿಂತ ಹೆಚ್ಚು ಕಷ್ಟ ತರಬಹುದು. ಬಿಟ್‌ಚಾಟ್ ಹೊರಬಂದಾಗ, ಇದರ ಭದ್ರತೆಯನ್ನು ಹೊರಗಿನ ತಜ್ಞರು ಪರೀಕ್ಷಿಸಿಲ್ಲ ಎಂಬ ಎಚ್ಚರಿಕೆಯನ್ನು ಮಾಡಿದವರೇ ಹಾಕಬೇಕಾಯಿತು.

ಸುಳ್ಳು ಸುದ್ದಿ ಕಡಿಮೆಯಾಗುತ್ತದೆಯೇ?

ತಾನಾಗಿ ಆಗುವುದಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. ಊರಿನ ಜಾಲದಲ್ಲಿ ಇಂಥ ಮಿತಿ ಹಾಕುವವರು ಊರಿನವರೇ. ಜವಾಬ್ದಾರಿ ಇರುವ ಅಡ್ಮಿನ್ ಇದ್ದರೆ “ಇದು ಎಲ್ಲಿಂದ ಬಂತು ಮಾರಾಯ?” ಎಂದು ತಕ್ಷಣ ಕೇಳಬಹುದು. ಅವರೇ ವದಂತಿ ಹಬ್ಬಿಸಿದರೆ ತಡೆಯುವವರು ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಇಂಥ ಆಪ್ ಬಳಸುವುದೇ ಅಪರಾಧ ಎನ್ನುವುದು ತಪ್ಪು, ಏನು ಬೇಕಾದರೂ ಮಾಡಬಹುದು ಎನ್ನುವುದೂ ತಪ್ಪು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಮೆಸೇಜಿಂಗ್ ಆಪ್‌ಗಳನ್ನು ತಡೆಹಿಡಿಯಿತು. ಜಮ್ಮು ಕಾಶ್ಮೀರದಲ್ಲಿ ಭಯೋತ್ಪಾದಕರು ಬಳಸುತ್ತಾರೆ ಎಂಬುದು ಕೊಟ್ಟ ಕಾರಣ. ಆ ಪಟ್ಟಿಯಲ್ಲಿ ಬ್ರಯರ್ ಹಾಗೂ ಮ್ಯಾಟ್ರಿಕ್ಸ್ ಬಳಸುವ ಎಲಿಮೆಂಟ್ ಇದ್ದವು. ಹಾಗಾಗಿ ಇಂದು ಸಿಗುವ ಆಪ್ ನಾಳೆಯೂ ಸಿಗುತ್ತದೆ ಎನ್ನುವಂತಿಲ್ಲ. ಪರವಾನಗಿ ಇಲ್ಲದೆ ಎಫ್‌ಎಂ ಪ್ರಸಾರ ಮಾಡುವಂತಿಲ್ಲ.

ಹಾಗಾದರೆ ನಾವೇನು ಮಾಡಬಹುದು?

• ವಾಟ್ಸಾಪ್ ಇಂದೇ ಡಿಲೀಟ್ ಮಾಡಬೇಡಿ. ಮೊದಲು ಎರಡನೇ ದಾರಿ ಸಿದ್ಧ ಮಾಡಿಕೊಳ್ಳಿ.
• ಮನೆಯವರ, ವೈದ್ಯರ, ರಿಕ್ಷಾದವರ ನಂಬರನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಎಸ್‌ಎಂಎಸ್ ಕಳಿಸುವುದು ಅಜ್ಜ ಅಜ್ಜಿಗೂ ಗೊತ್ತಿರಲಿ.
• ಸಂಘದ ಲೆಕ್ಕ, ಹಳೆಯ ಫೋಟೊ, ಮುಖ್ಯ ಸೂಚನೆಗಳು ಗ್ರೂಪಿನಲ್ಲಿ ಮಾತ್ರ ಇದ್ದರೆ ಕಂಪ್ಯೂಟರಿಗೂ ಇಳಿಸಿಡಿ.
• ಹೊಸ ಜಾಲ ಬೇಕೆಂದರೆ ಐದಾರು ಮನೆಯವರು ಸೇರಿ ಮೂರು ತಿಂಗಳು ಬಳಸಿ ನೋಡಿ. ಖರ್ಚು ಯಾರದ್ದು, ಕೆಟ್ಟರೆ ಯಾರು ನೋಡುವುದು ಎಂದು ಮೊದಲೇ ಬರೆದಿಡಿ.
• ಫಾರ್ವರ್ಡ್‌ನಲ್ಲಿ ಬಂದ ಎಪಿಕೆ ಫೈಲ್ ಎಂದೂ ಹಾಕಿಕೊಳ್ಳಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಹೆಸರಿನಲ್ಲಿ ಬಂದ ಇಂಥ ಫೈಲ್‌ಗಳಿಂದ ಬ್ಯಾಂಕ್ ಖಾತೆ ಖಾಲಿಯಾದವರಿದ್ದಾರೆ. ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಅರ್ಧ ನಿಜ. ಜನರೇ ನಡೆಸುವ ಜಾಲ ಸಾಧ್ಯ, ಬೂದಿಕೋಟೆ ಮತ್ತು ದೇವರಾಯನದುರ್ಗ ಅದನ್ನು ತೋರಿಸಿವೆ. ಆದರೆ ಅದು ಒಂದು ಆಪ್ ಹಾಕಿಕೊಂಡ ಕೂಡಲೇ ಬರುವಂಥದ್ದಲ್ಲ. ಹಾಲಿನ ಸೊಸೈಟಿಯಂತೆ ದಿನವೂ ಬಾಗಿಲು ತೆರೆಯುವವರು, ಲೆಕ್ಕ ಬರೆಯುವವರು ಬೇಕು. ಮುಂದಿನ ಬಾರಿ ಆ ಫಾರ್ವರ್ಡ್ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: “ಇದನ್ನು ನಡೆಸುವವರು ಯಾರು?”