ಶಾಲು: ಹೆಸರಿನ ಮೂಲ ಮತ್ತು ನೇಕಾರರ ಪಾಡು

ಸನ್ಮಾನ ಸಮಾರಂಭಗಳಲ್ಲಿ ಹಾರದೊಡನೆ ಹೊದಿಸುವ ಶಾಲಿನ ಹೆಸರು ಫಾರ್ಸಿಯ 'ಶಾಲ್' ಪದದಿಂದ ಬಂದುದು. ಇಂಗ್ಲಿಷ್, ಫ್ರೆಂಚ್ ಭಾಷೆಗಳಲ್ಲಿರುವ ಹೆಸರಿಗೂ ಅದೇ ಮೂಲ. 14ನೆಯ ಶತಮಾನದಲ್ಲಿ ಮಲಬಾರಿಗೆ ಬಂದ ಇಬ್ನ್ ಬತೂತ, ಕಲ್ಲಿಕೋಟೆಯ ಸಮೀಪದ ಶಾಲಿಯಾತ್ (ಇಂದಿನ ಚಾಲಿಯಂ) ಎಂಬಲ್ಲಿ ಆ ಊರಿನ ಹೆಸರಿನದೇ ಬಟ್ಟೆ ತಯಾರಾಗುತ್ತಿತ್ತೆಂದು ಬರೆದಿರುವರು. ಶಾಲನ್ನು ಆ ಊರಿಗೆ ಜೋಡಿಸಲು ಮನಸ್ಸಾಗುವುದು ಸಹಜ. ಆದರೆ ಶಾಲಿನ ಜೀವಾಳ ಉಣ್ಣೆ. ಕರಾವಳಿಯ ಸೆಕೆಯಲ್ಲಿ ಉಣ್ಣೆಯ ಮಾತೆಲ್ಲಿ? ಧ್ವನಿಸಾಮ್ಯವೊಂದನ್ನೇ ನಂಬಿ ಪದಮೂಲವನ್ನು ನಿರ್ಣಯಿಸಲಾಗದು.

'ಪಶ್ಮೀನಾ' ಕೂಡ ಫಾರ್ಸಿಯದೇ. 'ಪಶ್ಮ್' ಎಂದರೆ ಉಣ್ಣೆ. ಲಡಾಖಿನ ಚಾಂಗ್‌ತಾಂಗ್ ಪ್ರಸ್ಥಭೂಮಿಯ ಮೇಕೆಗಳ ಹೊರಗೂದಲಿನಡಿ ಚಳಿಗಾಲದಲ್ಲಿ ಬೆಳೆಯುವ ಮೃದುವಾದ ತುಪ್ಪಳವನ್ನು ವಸಂತದಲ್ಲಿ ಬಾಚಿ ತೆಗೆಯುವರು. ಕಾಶ್ಮೀರದ ಮನೆಗಳಲ್ಲಿ ಸ್ತ್ರೀಯರು ಅದನ್ನು ನೂಲುತ್ತಿದ್ದರು.

1586ರಲ್ಲಿ ಕಾಶ್ಮೀರವು ಮೊಗಲರ ವಶವಾಯಿತು. ಹಿಂದೆ ನಾಲ್ಕು ಮಡಿಕೆ ಮಾಡಿ ಹೊದೆಯುತ್ತಿದ್ದ ಶಾಲನ್ನು ಅಕ್ಬರ್ ಬಾದಶಹರು ಜೋಡಿಯಾಗಿ ಧರಿಸತೊಡಗಿದರೆಂದೂ ಅದಕ್ಕೆ 'ಪರ್ಮ್ ನರ್ಮ್' ಎಂಬ ಹೊಸ ಹೆಸರಿಟ್ಟರೆಂದೂ ಅಬುಲ್ ಫಝಲ್ ತಮ್ಮ 'ಆಯಿನೆ ಅಕ್ಬರಿ'ಯಲ್ಲಿ ದಾಖಲಿಸಿದ್ದಾರೆ. ಬಾದಶಹರು ಇಟ್ಟ ಹೆಸರು ಉಳಿಯಲಿಲ್ಲ, ಜನರ ನಾಲಗೆಯಲ್ಲಿದ್ದ ಶಾಲೇ ಉಳಿಯಿತು!

ಕಾನಿ ಶಾಲಿನ ನೇಯ್ಗೆಯಲ್ಲಿ ಪ್ರತಿಯೊಂದು ಬಣ್ಣದ ನೂಲಿಗೂ ಒಂದೊಂದು ಪುಟ್ಟ ಮರದ ಕಡ್ಡಿ. ಎಷ್ಟು ಎಳೆಗೆ ಯಾವ ಬಣ್ಣವೆಂಬುದನ್ನು ಸಂಕೇತಗಳಲ್ಲಿ ಬರೆದಿಟ್ಟ ಕಾಗದಕ್ಕೆ 'ತಾಲೀಮ್' ಎಂದು ಹೆಸರು. ಮದ್ರಸಾದಲ್ಲಿ ಶಿಕ್ಷಣವೆಂಬ ಅರ್ಥದಲ್ಲಿ ನಾವು ಬಳಸುವ ಪದವೇ ಅದು. ಒಬ್ಬನು ಓದುವನು, ಉಳಿದವರು ಕೇಳಿ ನೇಯುವರು. ಒಂದು ಶಾಲು ಮುಗಿಯಲು ವರ್ಷ ಹಿಡಿದರೂ ಅಚ್ಚರಿಯಿಲ್ಲ.

ಹೀಗೆ ನೇಯ್ದವರ ಪಾಡು ಮಾತ್ರ ದಾರುಣ. ಅಫ್ಘಾನರ ಆಳ್ವಿಕೆಯಲ್ಲಿ ಆರಂಭವಾದ 'ದಾಗ್ ಶಾಲ್' ಎಂಬ ಮುದ್ರೆಯ ತೆರಿಗೆಯನ್ನು ಸಿಖ್ಖರೂ ಡೋಗ್ರಾ ಅರಸರೂ ಕೈಬಿಡಲಿಲ್ಲ. 1846ರ ಅಮೃತಸರ ಒಪ್ಪಂದದಂತೆ ಮಹಾರಾಜ ಗುಲಾಬ್ ಸಿಂಗ್ ಬ್ರಿಟಿಷ್ ಸರಕಾರಕ್ಕೆ ವರ್ಷಕ್ಕೆ ಮೂರು ಜೋಡಿ ಶಾಲು ಸಲ್ಲಿಸಬೇಕಿತ್ತು. ನೇಕಾರನೋ ಸಾಲದಲ್ಲಿ ಸಿಲುಕಿ, ಕಸುಬು ಬಿಡುವ ಸ್ವಾತಂತ್ರ್ಯವನ್ನೂ ಕಳೆದುಕೊಂಡಿದ್ದನು. 1865ರ ಏಪ್ರಿಲ್ 29ರಂದು ಶ್ರೀನಗರದ ಝಾಲ್ಡಗರ್‌ನಲ್ಲಿ ತೆರಿಗೆಯ ವಿರುದ್ಧ ನೆರೆದ ನೇಕಾರರ ಮೇಲೆ ಸೈನಿಕರು ಎರಗಿದರು. ಕನಿಷ್ಠ 28 ಮಂದಿ ಮಡಿದರು. ನೀರಿಗೆ ಬಿದ್ದು ಮುಳುಗಿದವರೂ ಅವರಲ್ಲಿದ್ದರು.

ಅಷ್ಟರಲ್ಲಾಗಲೇ ಸ್ಕಾಟ್ಲೆಂಡಿನ ಪೇಸ್ಲಿಯ ಮಗ್ಗಗಳು ಕಾಶ್ಮೀರದ ಮಾವಿನಕಾಯಿ ಬುಟ್ಟಾವನ್ನು ಅನುಕರಿಸಿ ಅಗ್ಗದ ಶಾಲು ಮಾರುತ್ತಿದ್ದವು. ಆ ವಿನ್ಯಾಸಕ್ಕೆ ಜಗತ್ತಿನಲ್ಲಿಂದು ಪೇಸ್ಲಿಯದೇ ಹೆಸರು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹತ್ತಿಕೊಂಡಾಗ ಪ್ಯಾರಿಸ್ಸಿನ ಬೇಡಿಕೆಯೂ ಕುಸಿಯಿತು. ಬುಡ್ಗಾಂ ಜಿಲ್ಲೆಯ ಕಾನಿಹಾಮಾ ಗ್ರಾಮದಲ್ಲಿ ತಾಲೀಮ್ ನೋಡಿ ನೇಯುವವರು ಇಂದಿಗೂ ಇದ್ದಾರೆ.