ಮಾಜಿ ಸೈನಿಕರ ಊಟ, ವೈದ್ಯರ ಪ್ರಶ್ನೆ

1999ರಲ್ಲಿ ರೂತ್ ಸ್ಟ್ರೀಗಲ್-ಮೂರ್ ಮತ್ತು ಸಂಗಡಿಗರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಗಳನ್ನು ಜಾಲಾಡಿದರು. ಒಳರೋಗಿ ಮಹಿಳೆಯರಲ್ಲಿ ಸಾವಿರಕ್ಕೆ ಸುಮಾರು ಮೂವರಿಗೆ ಈಟಿಂಗ್ ಡಿಸಾರ್ಡರ್ (ಊಟದ ರೀತಿ ಕೆಡುವ ಮಾನಸಿಕ ಕಾಯಿಲೆ) ಎಂದು ಬರೆದಿತ್ತು. ಗಂಡಸರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 2021ರಲ್ಲಿ ರಾಬಿನ್ ಮಾಶೆಬ್ ಅವರ ತಂಡ ಇರಾಕ್-ಅಫ್ಘಾನಿಸ್ತಾನ ಯುದ್ಧಕಾಲದ ಮಾಜಿ ಸೈನಿಕರನ್ನೇ ಕೇಳಿತು. ಮಹಿಳೆಯರಲ್ಲಿ ಸುಮಾರು ಮೂರನೇ ಒಂದು ಭಾಗ, ಗಂಡಸರಲ್ಲಿ ಐದನೇ ಒಂದು ಭಾಗದ ಆಸುಪಾಸು ಜನರಿಗೆ ಈ ಕಾಯಿಲೆ ಇರುವ ಸಂಭವ ಕಂಡಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಮೊದಲನೆಯದು ವೈದ್ಯರು ಬರೆದಿಟ್ಟದ್ದು, ಎರಡನೆಯದು ಸೈನಿಕರು ಹೇಳಿಕೊಂಡದ್ದು. ನಡುವೆ 2013ರಲ್ಲಿ ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿಯ ಹೊಸ ಆವೃತ್ತಿ ಡಿಎಸ್‌ಎಂ-5 ಬಂದು, ಹಿಡಿತ ತಪ್ಪಿ ಅತಿಯಾಗಿ ತಿನ್ನುವುದನ್ನು ಸ್ವತಂತ್ರ ಕಾಯಿಲೆಯೆಂದು ಒಪ್ಪಿತು. ಆದರೂ ಅಂತರದ ದೊಡ್ಡ ಪಾಲು, ಕೇಳದೇ ಇದ್ದದ್ದರ ಫಲ ಎಂದೇ ನನ್ನ ಅಂದಾಜು.

ಕೇಳಲು ಸಾಧನಗಳೇನೋ ಇದ್ದವು. ಟೊರೊಂಟೊದಲ್ಲಿ ಗಾರ್ನರ್ ಮತ್ತು ಗಾರ್ಫಿಂಕೆಲ್ 1979ರಲ್ಲಿ ರೂಪಿಸಿದ 40 ಪ್ರಶ್ನೆಗಳ ಪಟ್ಟಿ 1982ರಲ್ಲಿ 26ಕ್ಕೆ ಇಳಿಯಿತು. 1999ರಲ್ಲಿ ಲಂಡನ್ನಿನಿಂದ ಬಂದ 'ಸ್ಕಾಫ್' ಐದೇ ಪ್ರಶ್ನೆಗಳದ್ದು; ಎರಡಕ್ಕೆ ಹೌದೆಂದರೆ ವೈದ್ಯರು ಎಚ್ಚರಗೊಳ್ಳಬೇಕು. ಮೂರು ತಿಂಗಳಲ್ಲಿ ಆರು ಕಿಲೋಗೂ ಹೆಚ್ಚು ತೂಕ ಇಳಿದಿದೆಯೇ, ಬೇರೆಯವರು ಸಣ್ಣಗಿದ್ದೀರಿ ಎಂದರೂ ನಿಮಗೆ ದಪ್ಪ ಎನಿಸುತ್ತದೆಯೇ ಎಂದು ಅದು ಕೇಳುತ್ತದೆ. ಅದನ್ನು ಮೊದಲು ಪರೀಕ್ಷಿಸಿದ್ದು ಅನೊರೆಕ್ಸಿಯಾ (ದಪ್ಪಗಾಗುವ ಭಯಕ್ಕೆ ಊಟ ಬಿಡುವುದು), ಬುಲಿಮಿಯಾ (ಅತಿಯಾಗಿ ತಿಂದು ಹೊರಹಾಕುವುದು) ಇದ್ದ 18ರಿಂದ 40 ವಯಸ್ಸಿನ ಮಹಿಳೆಯರ ಮೇಲೆ. ಐವತ್ತು ದಾಟಿದ, ಮೈ ಬಂದಿರುವ, ರಾತ್ರಿ ಒಬ್ಬನೇ ಕೂತು ತಿನ್ನುವ ಮಾಜಿ ಸೈನಿಕನಿಗೆ ಅದೇ ಪ್ರಶ್ನೆಗಳನ್ನು ಹಾಕಿದರೆ, ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿದಂತೆ.

ಸೈನಿಕರ ಹಸಿವಿನ ಕತೆಯೇ ಬೇರೆ. 1994ರಲ್ಲಿ ಜ್ಯಾನೆಟ್ ಪೊಲಿವಿ ಮತ್ತಿತರರು ಎರಡನೇ ಮಹಾಯುದ್ಧದ ಹಳೆಯ ಸೈನಿಕರನ್ನು ವಿಚಾರಿಸಿದರು. ಸೆರೆಶಿಬಿರದಲ್ಲಿ ಹಸಿದು ಸೊರಗಿದ್ದವರು, ಸೆರೆ ಸಿಕ್ಕದವರಿಗಿಂತ ಹೆಚ್ಚಾಗಿ, ಆಮೇಲೆ ಹಿಡಿತವಿಲ್ಲದೆ ತಿನ್ನುತ್ತಿದ್ದುದನ್ನು ಹೇಳಿಕೊಂಡರು. ಈಗ ಹಸಿವು ಬೇರೆ ರೂಪದಲ್ಲಿದೆ. ಅಮೆರಿಕದ ಸೇನೆಯಲ್ಲಿ ತೂಕಕ್ಕೆ ಮಿತಿ ಇದೆ. ಮೀರಿದರೆ ಟೇಪು ಹಿಡಿದು ಮೈ ಅಳೆಯುತ್ತಾರೆ. ತೂಕ ಹಾಕುವ ದಿನ ಹತ್ತಿರವಾದಾಗ ಉಪವಾಸ, ಭೇದಿ ಮಾತ್ರೆ, ವಿಪರೀತ ಓಟ. ದಿನ ಕಳೆದ ಮೇಲೆ ಬಾಯಿ ತುಂಬ ಊಟ. ತರಬೇತಿಯಲ್ಲಿ ಕೆಲವೇ ನಿಮಿಷಗಳಲ್ಲಿ ಗಬಗಬನೆ ನುಂಗುವ ಅಭ್ಯಾಸ ಮನೆಗೆ ಬಂದರೂ ಬಿಡುವುದಿಲ್ಲ. ಯುದ್ಧದ ಆಘಾತ ಇದರ ಮೇಲೆ ಬೀಳುತ್ತದೆ: ಅಮೆರಿಕದ ಸೇನಾ ಸಿಬ್ಬಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಮಿಲೆನಿಯಂ ಕೋಹಾರ್ಟ್ ಅಧ್ಯಯನದ 2009ರ ವರದಿಯಲ್ಲಿ, ರಣರಂಗಕ್ಕೆ ಹೋದ ಮಹಿಳೆಯರ ಪೈಕಿ ಕದನವನ್ನು ಕಣ್ಣಾರೆ ಕಂಡವರಲ್ಲಿ ಹೊಸದಾಗಿ ಊಟದ ತೊಂದರೆ ಕಾಣಿಸಿಕೊಳ್ಳುವ ಸಂಭವ 1.78 ಪಟ್ಟು ಹೆಚ್ಚಿತ್ತು.

ಇದನ್ನೆಲ್ಲ ಅರಿತು ಹೊಸ ಪ್ರಶ್ನೆಗಳು ಹುಟ್ಟಿದ್ದು ತೀರ ಈಚೆಗೆ. 2017ರಲ್ಲಿ ಕನೆಕ್ಟಿಕಟ್‌ನ ಸಂಶೋಧಕರು ಒಂದೇ ಪ್ರಶ್ನೆಯ ತಪಾಸಣೆ ಮುಂದಿಟ್ಟರು: ಒಂದೇ ಸಲಕ್ಕೆ ವಿಪರೀತ ತಿಂದು, ಹಿಡಿತ ತಪ್ಪಿತೆಂದು ಅನ್ನಿಸುವುದು ಎಷ್ಟು ಸಲ? ಮರುವರ್ಷ ಷಿರಾ ಮಾಗೆನ್ ಮತ್ತು ಸಂಗಡಿಗರ ಐದು ಪ್ರಶ್ನೆಗಳ ಪಟ್ಟಿ ಬಂತು. ಮಾಜಿ ಸೈನಿಕರಲ್ಲಿ ಅದು ಸ್ಕಾಫ್‌ಗಿಂತ ಹೆಚ್ಚು ಜನರನ್ನು ಗುರುತಿಸಿತು. ಜೊತೆಗೆ ಕಾಯಿಲೆ ಇಲ್ಲದ ಅನೇಕರನ್ನೂ ಎಳೆದು ತಂದಿತು. ಮೊದಲ ಬಾಗಿಲಲ್ಲಿ ನಡೆಯುವ ತಪಾಸಣೆಗೆ ಇದು ದೊಡ್ಡ ದೋಷವಲ್ಲ, ಮುಂದೆ ವಿವರವಾಗಿ ಮಾತಾಡಿಸುವವರು ಇದ್ದರೆ.

ಎಲ್ಲರೂ ಒಪ್ಪಿಲ್ಲ. ಲಕ್ಷಣವಿಲ್ಲದ ಜನಸಾಮಾನ್ಯರನ್ನು ಹೀಗೆ ತಪಾಸಣೆ ಮಾಡಬೇಕೆನ್ನಲು, ಬೇಡವೆನ್ನಲು ಎರಡಕ್ಕೂ ಪುರಾವೆ ಸಾಲದು ಎಂದು ಅಮೆರಿಕದ ಮುನ್ನೆಚ್ಚರಿಕೆ ಸೇವೆಗಳ ಕಾರ್ಯಪಡೆ 2022ರಲ್ಲಿ ಹೇಳಿತು. ಆದರೆ ಮಾಜಿ ಸೈನಿಕರು ಜನಸಾಮಾನ್ಯರ ಸರಾಸರಿಯಲ್ಲ. ಸೇವೆಯಲ್ಲಿದ್ದಾಗ ಕೆಲಸಕ್ಕೆ ಕುತ್ತು ಬಂದೀತೆಂದು ಬಾಯಿ ಬಿಡದವರು ನಿವೃತ್ತರಾದ ಮೇಲೆ ತೂಕ ಇಳಿಸಲು ಮಾಜಿ ಸೈನಿಕರ ಇಲಾಖೆಯ 'ಮೂವ್' ಕಾರ್ಯಕ್ರಮಕ್ಕೆ ಬರುತ್ತಾರೆ. ಅಲ್ಲಿ ಪಥ್ಯದ ಚೀಟಿ ಕೈಗಿಡುವ ಮುಂಚೆ ಹಿಡಿತ ತಪ್ಪುವುದರ ಬಗೆಗಿನ ಆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಹಿಡಿತ ತಪ್ಪಿ ತಿನ್ನುವವರಿಗೆ ಕಟ್ಟುನಿಟ್ಟಿನ ಪಥ್ಯ ಹೇಳಿದರೆ ಅದೇ ಹಳೆಯ ಉಪವಾಸ-ಹಬ್ಬದ ಸುತ್ತು ಮತ್ತೆ ಶುರುವಾಗಬಹುದು.