ಯುದ್ಧ ಮುಗಿದ ಮೇಲಿನ ನಿಷೇಧ: ನೆಬ್ರಾಸ್ಕಾದ ಜರ್ಮನ್ ಪಾಠ

1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧ ಸಾರಿದಾಗ, ಅಲ್ಲಿನ ಮಧ್ಯಪಶ್ಚಿಮ ರಾಜ್ಯಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಜರ್ಮನ್ ಭಾಷಿಕರು ತಮ್ಮ ಊರುಗಳಲ್ಲಿಯೇ ಶಂಕಿತರಾದರು. ಆಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ 23ರಂದು ಹೊರಡಿಸಿದ ಘೋಷಣೆಯು ಶಾಲೆ, ರೈಲು, ದೂರವಾಣಿ, ಸಾರ್ವಜನಿಕ ಆರಾಧನೆಗಳಲ್ಲಿ ಇಂಗ್ಲಿಷನ್ನಷ್ಟೇ ಬಳಸಬೇಕೆಂದು ವಿಧಿಸಿತು. ಶತ್ರುವಿನ ಭಾಷೆಯ ಮೇಲಿನ ಅನುಮಾನವು ಹೀಗೆ ಡೇನಿಷ್, ಚೆಕ್ ಮೊದಲಾದ ಭಾಷೆಗಳನ್ನೂ ಆವರಿಸಿತು.

1918ರ ನವೆಂಬರ್‌ನಲ್ಲಿ ಯುದ್ಧ ನಿಂತಿತು. ಅನುಮಾನ ಮಾತ್ರ ಶಾಸನವಾಯಿತು. ಐದು ತಿಂಗಳ ಬಳಿಕ ನೆಬ್ರಾಸ್ಕಾದ ಶಾಸನಸಭೆಯು, ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಇಂಗ್ಲಿಷೇತರ ಭಾಷೆಗಳನ್ನು ಕಲಿಸುವುದನ್ನು ಖಾಸಗಿ ಶಾಲೆಗಳಲ್ಲಿಯೂ ನಿಷೇಧಿಸಿತು. 1920ರ ಮೇ 25ರಂದು ಲೂಥರನ್ ಶಾಲೆಯ ಶಿಕ್ಷಕ ರಾಬರ್ಟ್ ಮೇಯರ್ ಹತ್ತು ವರ್ಷದ ಬಾಲಕನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದು ಕಲಿಸಿದರು. ಅದಕ್ಕೆ ವಿಧಿಸಿದ ದಂಡ 25 ಡಾಲರ್. ಶಿಕ್ಷೆಯನ್ನು ಎತ್ತಿಹಿಡಿದ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಲ್ಯಾಟಿನ್, ಗ್ರೀಕ್, ಹೀಬ್ರೂಗಳಿಗೆ ನಿಷೇಧ ಅನ್ವಯಿಸದೆಂದಿತು. ಹಳೆಯ ಗ್ರಂಥಭಾಷೆಗಳು ನಿರಪಾಯಕರವಾಗಿ ಕಂಡವು. ಮನೆಯಲ್ಲಿ ಆಡುವ ಭಾಷೆಯೇ ಅಪಾಯಕರವೆನಿಸಿತು.

1923ರ ಜೂನ್ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಆ ಶಿಕ್ಷೆಯನ್ನು ರದ್ದುಪಡಿಸಿತು. ಕಲಿಸುವ ಶಿಕ್ಷಕನ ಹಕ್ಕು, ಮಕ್ಕಳಿಗೆ ಕಲಿಸಲು ಅವನನ್ನು ನೇಮಿಸುವ ಪೋಷಕರ ಹಕ್ಕು ಇವೆರಡೂ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ರಕ್ಷಿಸುವ ಸ್ವಾತಂತ್ರ್ಯದೊಳಗೆ ಬರುತ್ತವೆ ಎಂಬುದು ನ್ಯಾಯಮೂರ್ತಿ ಮ್ಯಾಕ್‌ರೆನಾಲ್ಡ್ಸ್ ಬರೆದ ತೀರ್ಪಿನ ತಿರುಳು. ಯುದ್ಧಕಾಲದ ಕಹಿಯು ಶಾಸಕರ ಏಕರೂಪತೆಯ ಹಂಬಲವನ್ನು ತೀವ್ರಗೊಳಿಸಿದ್ದನ್ನು ಒಪ್ಪಿದ ತೀರ್ಪು, ಶಾಂತಿಕಾಲದಲ್ಲಿ ಮಗುವಿನ ಭಾಷಾಜ್ಞಾನವನ್ನು ಹಾನಿಕರವೆನ್ನಲು ಯಾವ ತುರ್ತುಸ್ಥಿತಿಯೂ ಇಲ್ಲವೆಂದಿತು.

ಆದರೆ ಈ ಗೆಲುವಿಗೆ ಎರಡು ಮಿತಿಗಳಿದ್ದವು. ಮೊದಲನೆಯದು ಕಾಲದ್ದು: 1915ರಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 24ರಷ್ಟು ಮಂದಿ ಜರ್ಮನ್ ಕಲಿಯುತ್ತಿದ್ದರೆ, 1922ರ ವೇಳೆಗೆ ಆ ಪ್ರಮಾಣ ಶೇ. 1ಕ್ಕಿಂತ ಕೆಳಗಿಳಿದಿತ್ತು. ಹಕ್ಕು ಮರಳುವ ಮುನ್ನವೇ ತರಗತಿಗಳು ಬರಿದಾಗಿದ್ದವು. ಎರಡನೆಯದು ತತ್ತ್ವದ್ದು: ತೀರ್ಪು ನಿಷೇಧವನ್ನು ತೆಗೆಯಿತೇ ಹೊರತು, ಆ ಭಾಷೆಯನ್ನು ಕಲಿಸುವ ಹೊಣೆಯನ್ನು ರಾಜ್ಯಕ್ಕೆ ವಹಿಸಲಿಲ್ಲ.

ಭಾರತದ ಸಂವಿಧಾನಕ್ಕೆ ರಾಜ್ಯಗಳ ಪುನರ್ವಿಂಗಡಣೆಯೊಂದಿಗೆ 1956ರಲ್ಲಿ ಸೇರಿದ 350ಎ ವಿಧಿ ಈ ಎರಡನೆಯ ಮಿತಿಯನ್ನು ದಾಟಲು ಯತ್ನಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬುದು ಅದರ ನಿರ್ದೇಶನ. ಕಾಸರಗೋಡಿನ ಅಥವಾ ಜತ್ತದ ಕನ್ನಡ ಶಾಲೆಯ ಮಟ್ಟಿಗೆ ನಿಷೇಧವಿಲ್ಲದಿರುವುದಷ್ಟೇ ಸಾಲದು. ಶಿಕ್ಷಕನ ನೇಮಕಾತಿಯೂ ಪಠ್ಯಪುಸ್ತಕವೂ ಬೇಕು. ಹಕ್ಕಿನ ಅಳತೆಗೋಲು ನ್ಯಾಯಾಲಯದ ತೀರ್ಪಿನಲ್ಲಿ ಎಷ್ಟಿದೆಯೋ, ತರಗತಿಯ ಹಾಜರಿ ಪುಸ್ತಕದಲ್ಲಿಯೂ ಅಷ್ಟೇ ಇದೆ.